ಬಾಗಿಲ ಮುಂದೆ ಕಾಯುವವರು

2013ರ ಜನವರಿ 29, ಮಂಗಳವಾರ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಿಡ್‌ಲ್ಯಾಂಡ್ ಸಿಟಿ ಎಂಬ ಸಣ್ಣ ಊರು. ಶಾಲೆ ಬಿಟ್ಟ ಮಕ್ಕಳನ್ನು ಮನೆಗೆ ಮುಟ್ಟಿಸುತ್ತಿದ್ದ ಬಸ್ಸನ್ನು 65 ವರ್ಷದ ಒಬ್ಬ ಪಿಸ್ತೂಲು ಹಿಡಿದು ಹತ್ತಿದ. ಮಕ್ಕಳನ್ನು ತನಗೆ ಒಪ್ಪಿಸುವಂತೆ ಕೇಳಿದ. ಚಾಲಕ ಅಡ್ಡ ನಿಂತರು, ಗುಂಡೇಟು ತಿಂದು ಪ್ರಾಣ ಬಿಟ್ಟರು. ಉಳಿದ ಮಕ್ಕಳೆಲ್ಲ ತಪ್ಪಿಸಿಕೊಂಡರೂ ಐದು ವರ್ಷದ ಹುಡುಗನೊಬ್ಬ ಸಿಕ್ಕಿಬಿದ್ದ. ಅವನನ್ನು ಎಳೆದೊಯ್ದವನು ತನ್ನ ಹಿತ್ತಲಲ್ಲಿ ತಾನೇ ತೋಡಿಕೊಂಡಿದ್ದ ನೆಲಮಾಳಿಗೆಗೆ ಇಳಿದು ಮುಚ್ಚಳ ಹಾಕಿಕೊಂಡ. ಹೊರಗಿನವರಿಗೂ ಒಳಗಿನವನಿಗೂ ಮಾತಿಗೆ ಇದ್ದ ದಾರಿ ಒಂದು ಪ್ಲಾಸ್ಟಿಕ್ ಕೊಳವೆ ಮಾತ್ರ. ಸಂಧಾನಕಾರರು ಅದರ ಮೂಲಕ ಹಗಲಿರುಳು ಮಾತಾಡಿದರು. ಹುಡುಗನಿಗೆ ಬೇಕಾದ ಔಷಧಿ, ಆಟಿಕೆ ಒಳಗೆ ಹೋದವು. ಅತ್ತ ವರ್ಜೀನಿಯಾದ ಕ್ವಾಂಟಿಕೋದಿಂದ ಬಂದಿಳಿದ ಎಫ್‌ಬಿಐ ಪಡೆ ನೆಲಮಾಳಿಗೆಯಂಥದೇ ಇನ್ನೊಂದನ್ನು ಸಮೀಪದಲ್ಲಿ ಕಟ್ಟಿ, ಅದರೊಳಗೆ ನುಗ್ಗುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿತು. ಫೆಬ್ರುವರಿ 4ರಂದು ಮಾತುಕತೆ ಹದಗೆಟ್ಟಿತು. ಒಳಗೆ ಇಳಿಬಿಟ್ಟಿದ್ದ ಕ್ಯಾಮೆರಾದಲ್ಲಿ ಅವನ ಕೈಯಲ್ಲಿ ಪಿಸ್ತೂಲು ಕಂಡಿತು. ಪಡೆ ಸಿಡಿಮದ್ದಿಟ್ಟು ದಾರಿ ಮಾಡಿಕೊಂಡು ಒಳನುಗ್ಗಿತು. ಅಪಹರಣಕಾರ ಸತ್ತ, ಹುಡುಗನಿಗೆ ಗಾಯವೂ ಆಗಲಿಲ್ಲ. ಎರಡು ದಿನ ಕಳೆದು ಅವನಿಗೆ ಆರು ವರ್ಷ ತುಂಬಿತು.

ಸಿನಿಮಾ, ವೆಬ್ ಸರಣಿಗಳಲ್ಲಿ ನಾವು ಕಾಣುವುದು ಆ ಕೊನೆಯ ಕೆಲವು ಸೆಕೆಂಡುಗಳನ್ನು. ಕಪ್ಪು ಶಿರಸ್ತ್ರಾಣ, ಹೊಗೆ, ಕೂಗು, ಗುಂಡು. ಅದಕ್ಕೆ ಮೊದಲಿನ ಆರು ದಿನಗಳನ್ನು ಯಾರೂ ತೋರಿಸುವುದಿಲ್ಲ. ಆದರೆ ಫೆಡರಲ್ ಸರ್ಕಾರದ ವಿಶೇಷ ಪಡೆಯ ಏಜೆಂಟನೊಬ್ಬನ ಬದುಕು ಇರುವುದೇ ಆ ಆರು ದಿನಗಳಲ್ಲಿ. ನುಗ್ಗಬಲ್ಲವನು ನುಗ್ಗದೆ ಕಾಯುವುದು, ಹೊಡೆಯಬಲ್ಲವನು ಹೊಡೆಯದೆ ನೋಡುವುದು ಅವನ ವೃತ್ತಿಯ ಮುಕ್ಕಾಲು ಪಾಲು. ಈ ಪಡೆಗಳ ನಲವತ್ತು ವರ್ಷಗಳ ಇತಿಹಾಸವನ್ನು ತಿರುವಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅವು ಗೆದ್ದದ್ದೂ ಸೋತದ್ದೂ ಬಂದೂಕಿನ ಚಾತುರ್ಯದಿಂದ ತೀರ್ಮಾನವಾಗಿಲ್ಲ. ಕಾಯಲು ಬಿಟ್ಟರೇ, ಯಾರ ಅಪ್ಪಣೆಯ ಮೇಲೆ ನುಗ್ಗಿದರು, ಆ ಅಪ್ಪಣೆಯಲ್ಲಿ ಏನು ಬರೆದಿತ್ತು ಎಂಬುದೇ ಹೆಚ್ಚಿನ ಸಲ ನಿರ್ಣಾಯಕವಾಗಿದೆ.

ಕೈಕೋಳ ಎಲ್ಲಿ?

1972ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಪ್ಯಾಲೆಸ್ಟೀನಿನ ಉಗ್ರರು ಇಸ್ರೇಲ್ ತಂಡದವರನ್ನು ಒತ್ತೆಯಿಟ್ಟುಕೊಂಡರು. ಬಿಡಿಸಲು ಹೋದ ಪಶ್ಚಿಮ ಜರ್ಮನಿಯ ಪೊಲೀಸರಿಗೆ ಅಂಥ ಕೆಲಸದ ತರಬೇತಿಯೇ ಇರಲಿಲ್ಲ. ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು ಮತ್ತು ತರಬೇತುದಾರರು ಸತ್ತರು. ಆ ಪೆಟ್ಟಿನಿಂದ ಜರ್ಮನಿ ಜಿಎಸ್‌ಜಿ-9 ಎಂಬ ಪಡೆಯನ್ನು ಕಟ್ಟಿತು. 1977ರಲ್ಲಿ ಆ ಪಡೆ ಸೊಮಾಲಿಯಾದ ಮೊಗದಿಶುವಿನಲ್ಲಿ ಅಪಹೃತ ವಿಮಾನಕ್ಕೆ ನುಗ್ಗಿ ಒಳಗಿದ್ದ ಒತ್ತೆಯಾಳುಗಳೆಲ್ಲರನ್ನೂ ಜೀವಂತವಾಗಿ ಹೊರತಂದಿತು. ಅಮೆರಿಕಕ್ಕೆ ಚಿಂತೆ ಹತ್ತಿದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹತ್ತಿರ ಬಂದಾಗ. ಅಲ್ಲಿನ ಸೇನೆಯ ಬಳಿ 1977ರಿಂದಲೇ ಡೆಲ್ಟಾ ಫೋರ್ಸ್ ಇತ್ತು. ಆದರೆ ದೇಶದೊಳಗೆ ಕಾನೂನು ಜಾರಿಗೆ ಸೇನೆಯನ್ನು ಬಳಸುವುದಕ್ಕೆ 1878ರ ಒಂದು ಕಾಯ್ದೆ ಅಡ್ಡವಿದೆ. ಸೈನಿಕನಷ್ಟು ನುರಿತಿರಬೇಕು, ಆದರೆ ಸೈನಿಕನಾಗಿರಬಾರದು, ಅಂಥವರು ಬೇಕಾಗಿದ್ದರು. ಹೀಗೆ 1983ರಲ್ಲಿ 50 ಮಂದಿ ಏಜೆಂಟರೊಂದಿಗೆ ಎಫ್‌ಬಿಐನ ಹೋಸ್ಟೇಜ್ ರೆಸ್ಕ್ಯೂ ಟೀಮ್, ಅಂದರೆ ಎಚ್‌ಆರ್‌ಟಿ ಹುಟ್ಟಿತು.

ಈ ಹುಟ್ಟಿನ ಬಗ್ಗೆ ಒಂದು ಪ್ರಸಂಗವನ್ನು ಪಡೆಯ ಹಳಬರು ಹೇಳುತ್ತಾರೆ. ಆಗಿನ ಎಫ್‌ಬಿಐ ನಿರ್ದೇಶಕ ವಿಲಿಯಂ ವೆಬ್‌ಸ್ಟರ್ ಡೆಲ್ಟಾ ಫೋರ್ಸ್‌ನ ಪ್ರದರ್ಶನ ನೋಡಲು ಹೋಗಿದ್ದರಂತೆ. ಸೈನಿಕರ ಸಾಮಗ್ರಿಯನ್ನೆಲ್ಲ ನೋಡಿದ ಮೇಲೆ, ನ್ಯಾಯಾಧೀಶರಾಗಿದ್ದ ಅವರಿಗೆ ಹೊಳೆದದ್ದು ಒಂದೇ ಪ್ರಶ್ನೆ: ಇದರಲ್ಲಿ ಕೈಕೋಳ ಎಲ್ಲಿದೆ? ಸತ್ತವರಿಗೆ ಕೈಕೋಳ ಬೇಕಾಗುವುದಿಲ್ಲ ಎಂಬ ಅರ್ಥದ ಉತ್ತರ ಬಂತಂತೆ. ಅಕ್ಷರಶಃ ಹೀಗೇ ನಡೆಯಿತೋ ಇಲ್ಲವೋ, ಈ ವೃತ್ತಿಯ ತಿರುಳು ಆ ಪ್ರಶ್ನೆಯಲ್ಲಿದೆ. ಸೈನಿಕನಿಗೆ ಎದುರಿನವನು ಶತ್ರು. ಫೆಡರಲ್ ಏಜೆಂಟನಿಗೆ ಅವನು ಆರೋಪಿ. ಸಾಧ್ಯವಾದರೆ ಜೀವಂತವಾಗಿ ಹಿಡಿದು ಕೋರ್ಟಿನ ಮುಂದೆ ನಿಲ್ಲಿಸಬೇಕಾದ ಮನುಷ್ಯ. ಎಚ್‌ಆರ್‌ಟಿಯ ಧ್ಯೇಯವಾಕ್ಯ ಎರಡೇ ಲ್ಯಾಟಿನ್ ಪದಗಳದ್ದು. ಅರ್ಥ, ಜೀವ ಉಳಿಸುವುದು. ಯಾರ ಜೀವ ಎಂದು ಅದರಲ್ಲಿ ಹೇಳಿಲ್ಲ.

ನಮ್ಮ ಎನ್‌ಎಸ್‌ಜಿಯ ಜೊತೆ ಹೋಲಿಸಿದರೆ ಈ ವ್ಯತ್ಯಾಸ ತಿಳಿಯಾಗುತ್ತದೆ. 1984ರಲ್ಲಿ ರೂಪುಗೊಂಡ ಎನ್‌ಎಸ್‌ಜಿಯ ದಾಳಿ ತುಕಡಿಗೆ ಜನ ಬರುವುದು ಸೇನೆಯಿಂದ, ಎರವಲು ಸೇವೆಯ ಮೇಲೆ. 2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲಿನಲ್ಲಿ ಹುತಾತ್ಮರಾದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬಿಹಾರ್ ರೆಜಿಮೆಂಟಿನ ಅಧಿಕಾರಿ. ಎಚ್‌ಆರ್‌ಟಿಯವನು ಮೊದಲು ತನಿಖಾಧಿಕಾರಿ. ವಾರಂಟ್ ಬರೆದು, ಸಾಕ್ಷಿ ಕಲೆಹಾಕಿ, ಕೋರ್ಟಿನಲ್ಲಿ ಪಾಟೀಸವಾಲು ಎದುರಿಸಿ ಬಂದವನು. ಎರಡೂ ಪಡೆಗಳ ಶೌರ್ಯ ಒಂದೇ, ಬಂದ ದಾರಿ ಬೇರೆ.

ಹೆಸರಿಲ್ಲದ ಎರಡು ವಾರ

ಎಫ್‌ಬಿಐನ ಕ್ಷೇತ್ರ ಕಚೇರಿಗಳಲ್ಲೂ ಸ್ವಾಟ್ ತಂಡಗಳಿವೆ. ಅಲ್ಲಿನವರಿಗೆ ಅದು ಹೆಚ್ಚುವರಿ ಹೊಣೆ. ಉಳಿದ ದಿನ ಬ್ಯಾಂಕ್ ವಂಚನೆಯನ್ನೋ ಮಾದಕವಸ್ತು ಸಾಗಣೆಯನ್ನೋ ತನಿಖೆ ಮಾಡುತ್ತಿರುತ್ತಾರೆ. ಎಚ್‌ಆರ್‌ಟಿಯಲ್ಲಿ ಮಾತ್ರ ಇದೇ ಪೂರ್ಣಾವಧಿ ಕೆಲಸ. ಅದಕ್ಕೆ ಸೇರಬಯಸುವ ಏಜೆಂಟ್ ಎರಡು ವಾರಗಳ ಆಯ್ಕೆ ಪರೀಕ್ಷೆಗೆ ಕೂರಬೇಕು. ಆ ಎರಡು ವಾರ ಅವನಿಗೆ ಹೆಸರಿಲ್ಲ. ಬಟ್ಟೆಯ ಮೇಲೆ ಬರೆದ ಸಂಖ್ಯೆಯೇ ಗುರುತು. ನಿದ್ದೆ ಕೆಡಿಸಿ, ಭಾರ ಹೊರಿಸಿ, ಓಡಿಸಿ, ದಣಿವಿನ ಕೊನೆಯಲ್ಲಿ ನಿರ್ಧಾರ ತೆಗೆದುಕೊಳ್ಳುವಂತೆ ಮಾಡುತ್ತಾರೆ. ಪರೀಕ್ಷಕರು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳದೆ ಮುಂದಿನ ಕೆಲಸ ಕೊಡುತ್ತಾರೆ. ಮೆಚ್ಚುಗೆಯ ಆಸರೆ ಇಲ್ಲದೆಯೂ ತಲೆ ತಣ್ಣಗಿಟ್ಟುಕೊಳ್ಳುವವರು ಯಾರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು. ಆಯ್ಕೆಯಾದವರಿಗೆ ಮುಂದೆ ಹೆಚ್ಚುಕಡಿಮೆ ಒಂದು ಶಾಲಾ ವರ್ಷದಷ್ಟು ದೀರ್ಘವಾದ ತರಬೇತಿ ಕಾದಿರುತ್ತದೆ. ಗುಂಡು ಹೀರಿಕೊಳ್ಳುವ ರಬ್ಬರ್ ಗೋಡೆಗಳ ಮನೆಯಲ್ಲಿ ನಿಜವಾದ ಗುಂಡುಗಳನ್ನೇ ಬಳಸಿ, ಒಬ್ಬರ ಹೆಗಲ ಪಕ್ಕದಲ್ಲೇ ಇನ್ನೊಬ್ಬರು ಹೊಡೆಯುತ್ತ, ಕೋಣೆಯಿಂದ ಕೋಣೆಗೆ ಸಾಗುವ ಅಭ್ಯಾಸ. ಎದುರಿಗೆ ದಿಢೀರನೆ ಕಾಣಿಸುವ ಆಕೃತಿಯ ಮುಖವನ್ನಲ್ಲ, ಮೊದಲು ಕೈಗಳನ್ನು ನೋಡಬೇಕು. ಕೈಯಲ್ಲಿ ಬಂದೂಕಿದೆಯೋ, ಫೋನಿದೆಯೋ, ಮಗುವಿದೆಯೋ? ಹೊಡೆಯುವುದನ್ನು ಕಲಿಸಲು ಅಷ್ಟು ತಿಂಗಳು ಬೇಕಿಲ್ಲ. ಹೊಡೆಯಬಾರದವರನ್ನು ಗುರುತಿಸುವುದನ್ನು ಕಲಿಸಲು ಬೇಕು.

ಅಲ್ಲಿಂದ ಮುಂದಿನ ಬದುಕು ಒಂದು ಗಡಿಯಾರಕ್ಕೆ ಕಟ್ಟಿದ್ದು. ಕರೆ ಬಂದ ನಾಲ್ಕು ಗಂಟೆಯೊಳಗೆ ಪಡೆ ಹೊರಟಿರಬೇಕೆಂಬುದು ನಿಯಮ. ಹಾಗಾಗಿ ಸರದಿಯಲ್ಲಿರುವವನು ಮಗುವಿನ ಹುಟ್ಟುಹಬ್ಬಕ್ಕೋ ಊರಿನ ಮದುವೆಗೋ ಬರುತ್ತೇನೆಂದು ಖಚಿತವಾಗಿ ಮಾತು ಕೊಡಲಾರ. ಅಪಾಯ ಇರುವುದು ಶತ್ರುವಿನ ಮನೆಯಲ್ಲಿ ಮಾತ್ರ ಎಂದೂ ತಿಳಿಯಬೇಕಿಲ್ಲ. 1986ರಲ್ಲಿ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವ ಅಭ್ಯಾಸದಲ್ಲಿ ಒಬ್ಬರು ಬಿದ್ದು ಸತ್ತರು. 2006ರಲ್ಲಿ ನಿಜಗುಂಡಿನ ತರಬೇತಿಯಲ್ಲಿ ಇನ್ನೊಬ್ಬರು ಹೋದರು. 2013ರ ಮೇ 17ರಂದು ವರ್ಜೀನಿಯಾ ತೀರದಾಚೆ ಹೆಲಿಕಾಪ್ಟರಿನಿಂದ ಹಡಗಿಗೆ ಇಳಿಯುವ ಅಭ್ಯಾಸದಲ್ಲಿ ಇಬ್ಬರು ಬಿದ್ದು ಪ್ರಾಣ ಕಳೆದುಕೊಂಡರು. ಇದೇ ಪಡೆ ಮಿಡ್‌ಲ್ಯಾಂಡ್ ಸಿಟಿಯ ಆ ಹುಡುಗನನ್ನು ಬಿಡಿಸಿ ಆಗ ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ.

ಪಡೆಯಲ್ಲಿ ನುಗ್ಗುವವರ ಜೊತೆಗೆ ಇನ್ನೊಂದು ಬಗೆಯವರಿದ್ದಾರೆ, ಸ್ನೈಪರ್‌ಗಳು. ಅವರ ಪೂರ್ಣ ಹುದ್ದೆಯ ಹೆಸರಿನಲ್ಲೇ ವೀಕ್ಷಕ ಎಂಬ ಮಾತೂ ಸೇರಿದೆ. ಪೊದೆಯಲ್ಲೋ ಮಾಳಿಗೆಯಲ್ಲೋ ಗಂಟೆಗಟ್ಟಲೆ ಮಲಗಿ ದೂರದರ್ಶಕದಲ್ಲಿ ಕಂಡದ್ದನ್ನು ಹೇಳುತ್ತಿರುವುದು ಅವರ ನಿತ್ಯದ ಕೆಲಸ: ಯಾವ ಕಿಟಕಿಯ ಪರದೆ ಸರಿಯಿತು, ದೀಪ ಎಷ್ಟು ಹೊತ್ತಿಗೆ ಆರಿತು, ಹೊರಬಂದ ಮಹಿಳೆಯ ಕೈಯಲ್ಲಿ ಏನಿತ್ತು. ಮೇಲಿನವರು ತೀರ್ಮಾನ ತೆಗೆದುಕೊಳ್ಳುವುದು ಈ ಕಣ್ಣುಗಳನ್ನು ನಂಬಿ. ಆ ಕಣ್ಣಿಗೆ ಯಾವ ಆದೇಶ ಜೋಡಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು 1992ರ ಆಗಸ್ಟ್ ತೋರಿಸಿತು.

ಬಹುದು ಮತ್ತು ಬೇಕು

ಐಡಹೊ ರಾಜ್ಯದ ರೂಬಿ ರಿಡ್ಜ್ ಎಂಬ ಗುಡ್ಡದ ಮೇಲೆ ರ‍್ಯಾಂಡಿ ವೀವರ್ ಎಂಬಾತನ ಸಂಸಾರವಿತ್ತು. ಶಸ್ತ್ರಾಸ್ತ್ರ ಪ್ರಕರಣದಲ್ಲಿ ಕೋರ್ಟಿಗೆ ಹಾಜರಾಗದ ಅವನನ್ನು ಹಿಡಿಯಲು ಆಗಸ್ಟ್ 21ರಂದು ಹೋಗಿದ್ದ ಫೆಡರಲ್ ಮಾರ್ಷಲ್‌ಗಳಿಗೂ ಮನೆಯವರಿಗೂ ಗುಂಡಿನ ಚಕಮಕಿ ನಡೆಯಿತು. ಒಬ್ಬ ಮಾರ್ಷಲ್ ಮತ್ತು ವೀವರ್‌ನ 14 ವರ್ಷದ ಮಗ ಸತ್ತರು. ಮರುದಿನ ಎಚ್‌ಆರ್‌ಟಿ ಬಂತು. ಜೀವಕ್ಕೆ ಸನ್ನಿಹಿತ ಅಪಾಯವಿದ್ದಾಗ ಮಾತ್ರ ಗುಂಡು ಹಾರಿಸಬಹುದು ಎಂಬುದು ಎಫ್‌ಬಿಐನ ಎಂದಿನ ನಿಯಮ. ಆ ಗುಡ್ಡಕ್ಕೆಂದೇ ಬೇರೆ ನಿಯಮ ಬರೆದರು: ಆಯುಧ ಹಿಡಿದ ವಯಸ್ಕ ಗಂಡಸು ಕಂಡರೆ ಹೊಡೆಯಬಹುದು, ಹೊಡೆಯಬೇಕು. ಕನ್ನಡದಲ್ಲಿ ‘ಬಹುದು’ ಮತ್ತು ‘ಬೇಕು’ ಎರಡು ಪುಟ್ಟ ಪ್ರತ್ಯಯಗಳಂತೆ ಮಾತಿನ ತುದಿಗೆ ಅಂಟಿಕೊಳ್ಳುತ್ತವೆ. ಮೊದಲನೆಯದರಲ್ಲಿ ಹೊಡೆಯುವವನ ವಿವೇಚನೆಗೆ ಜಾಗವಿದೆ. ಎರಡನೆಯದು ಅದನ್ನು ಕಿತ್ತುಕೊಳ್ಳುತ್ತದೆ. ಅಂದು ಸ್ನೈಪರ್ ಒಬ್ಬರು ಹಾರಿಸಿದ ಎರಡನೆಯ ಗುಂಡು ಬಾಗಿಲನ್ನು ಹಾದು, ಅದರ ಹಿಂದೆ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ನಿಂತಿದ್ದ ವೀವರ್‌ನ ಹೆಂಡತಿ ವಿಕಿಯನ್ನು ಕೊಂದಿತು.

ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ನಂತರದ ತನಿಖೆಗಳೂ ಮೇಲ್ಮನವಿ ನ್ಯಾಯಾಲಯವೂ ಹೇಳಿದವು. 1995ರಲ್ಲಿ ಸರ್ಕಾರ ವೀವರ್ ಕುಟುಂಬಕ್ಕೆ 31 ಲಕ್ಷ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡಿತು. ಗುಂಡು ಹಾರಿಸಿದವರ ಮೇಲೆ 1997ರಲ್ಲಿ ಸ್ಥಳೀಯ ಕೌಂಟಿ ಹೂಡಿದ ಕ್ರಿಮಿನಲ್ ಕೇಸು ವರ್ಷಗಟ್ಟಲೆ ಎಳೆದಾಡಿ 2001ರಲ್ಲಿ ಕೈಬಿಟ್ಟುಹೋಯಿತು. ತಪ್ಪು ಗುಂಡು ಹಾರಿಸಿದವನದ್ದಲ್ಲವೇ ಎಂದು ಕೇಳುವವರಿದ್ದಾರೆ. ಅವನದ್ದೂ ಹೌದು, ಬಾಗಿಲಿನ ಹಿಂದೆ ಯಾರಿದ್ದಾರೆಂದು ಕಾಣದೆ ಹಾರಿಸಿದ ಗುಂಡಿಗೆ ಹೊಣೆ ಹೊರುವುದು ಅವನ ವೃತ್ತಿಯ ಭಾಗ. ಆದರೆ ದೂರದಲ್ಲಿ ಕುಳಿತು ‘ಬೇಕು’ ಎಂದು ಬರೆದು ಒಪ್ಪಿಗೆ ಕೊಟ್ಟವರ ಹೊಣೆ ಅದಕ್ಕಿಂತ ಹಿರಿದು. ವರ್ಷಗಳ ತರಬೇತಿಯಿಂದ ಬೆಳೆದ ಸಂಯಮವನ್ನು ಒಂದು ಕಾಗದದ ಒಂದು ಪದ ಅಳಿಸಿಹಾಕಿತು.

ಐವತ್ತೊಂದು ದಿನ

ರೂಬಿ ರಿಡ್ಜ್ ಆದ ಆರು ತಿಂಗಳಿಗೆ ಟೆಕ್ಸಸ್‌ನ ವೇಕೊ. 1993ರ ಫೆಬ್ರುವರಿ 28ರಂದು ಡೇವಿಡ್ ಕೊರೇಶ್ ಎಂಬ ಪಂಥನಾಯಕನ ನಿವಾಸದ ಮೇಲೆ ಎಟಿಎಫ್ ಎಂಬ ಇನ್ನೊಂದು ಫೆಡರಲ್ ಸಂಸ್ಥೆ ದಾಳಿಗೆ ಹೋಗಿ ತನ್ನ ನಾಲ್ವರು ಏಜೆಂಟರನ್ನು ಕಳೆದುಕೊಂಡಿತು. ಒಳಗಿನವರಲ್ಲಿ ಆರು ಮಂದಿ ಸತ್ತರು. ಆಮೇಲೆ ಎಫ್‌ಬಿಐ ಸುತ್ತುವರಿದು ಕುಳಿತಿತು. ಸಂಧಾನಕಾರರು ಮಾತಾಡುತ್ತ ಮಾತಾಡುತ್ತ 21 ಮಕ್ಕಳೂ ಸೇರಿ 35 ಮಂದಿಯನ್ನು ಹೊರತಂದರು. ಆದರೆ ಎಫ್‌ಬಿಐ ಬಿಡಾರದಲ್ಲಿ ಸಂಧಾನಕಾರರದ್ದು ಒಂದು ದಾರಿ, ಬಲಪ್ರಯೋಗದವರದ್ದು ಇನ್ನೊಂದು. ಮಾರ್ಚ್ 21ರಂದು ಏಳು ಮಂದಿ ಹೊರಬಂದರು. ಸಂಧಾನಕಾರರ ಲೆಕ್ಕದಲ್ಲಿ ಅದು ನಂಬಿಕೆ ಬೆಳೆದ ದಿನ. ಅದೇ ರಾತ್ರಿ ಧ್ವನಿವರ್ಧಕಗಳಲ್ಲಿ ಕಿವಿಗಡಚಿಕ್ಕುವ ಸಂಗೀತ ಹಾಕಿ ಒಳಗಿನವರ ನಿದ್ದೆ ಕೆಡಿಸಿದರು. ಮಾರ್ಚ್ 23ರ ಬಳಿಕ ಪಂಥದ ಅನುಯಾಯಿಗಳಲ್ಲಿ ಒಬ್ಬರೂ ಹೊರಬರಲಿಲ್ಲ. ಏಪ್ರಿಲ್ 19ರಂದು, 51ನೇ ದಿನ, ಎಚ್‌ಆರ್‌ಟಿ ಯುದ್ಧವಾಹನಗಳಿಂದ ಗೋಡೆ ಒಡೆದು ಅಶ್ರುವಾಯು ತುಂಬಿತು. ಮಧ್ಯಾಹ್ನದ ಹೊತ್ತಿಗೆ ಕಟ್ಟಡ ಹೊತ್ತಿ ಉರಿಯಿತು. 76 ಮಂದಿ ಸತ್ತರು. ಅವರಲ್ಲಿ 20ಕ್ಕೂ ಹೆಚ್ಚು ಮಕ್ಕಳು.

ಬೆಂಕಿ ಹಚ್ಚಿದ್ದು ಸರ್ಕಾರದವರಲ್ಲ, ಒಳಗಿನವರೇ ಎಂದು ವಿಶೇಷ ತನಿಖಾಧಿಕಾರಿ ಜಾನ್ ಡ್ಯಾನ್‌ಫರ್ತ್ 2000ದಲ್ಲಿ ವರದಿ ಕೊಟ್ಟರು. ಆದ್ದರಿಂದ ಎಚ್‌ಆರ್‌ಟಿಯನ್ನು ದೂರುವುದು ಅನ್ಯಾಯ ಎಂಬ ವಾದವಿದೆ. ಕೊಲೆಗಾರರು ಎಂಬ ಆರೋಪವನ್ನು ಆ ವರದಿ ತೊಡೆದುಹಾಕಿತು, ಅದನ್ನು ಒಪ್ಪಬೇಕು. ಅದು ಬಗೆಹರಿಸದೆ ಉಳಿಸಿದ ಪ್ರಶ್ನೆ ಮಾತ್ರ ಬೇರೆ: ಕಾಯಬಹುದಾಗಿದ್ದಾಗ ಯಾಕೆ ಕಾಯಲಿಲ್ಲ? ಈ ಪ್ರಶ್ನೆಗೆ ಎಫ್‌ಬಿಐ ತಾನೇ ಉತ್ತರ ಕೊಟ್ಟಿತು. 1994ರಲ್ಲಿ ಸಂಧಾನಕಾರರು, ವರ್ತನೆಯ ತಜ್ಞರು, ಎಚ್‌ಆರ್‌ಟಿ ಮೂವರನ್ನೂ ಒಂದೇ ವಿಭಾಗದಡಿ ತಂದಿತು. ಫಲ ತಿಳಿದದ್ದು 1996ರಲ್ಲಿ. ಮೊಂಟಾನಾದಲ್ಲಿ ‘ಫ್ರೀಮೆನ್’ ಎಂದು ಕರೆದುಕೊಂಡ ಸರ್ಕಾರವಿರೋಧಿ ಗುಂಪೊಂದು ಶಸ್ತ್ರಸಜ್ಜಿತವಾಗಿ ತೋಟದ ಮನೆಯಲ್ಲಿ ಕುಳಿತಿತು. ಎಫ್‌ಬಿಐ 81 ದಿನ ಕಾಯಿತು. ಜೂನ್ 13ರಂದು ಉಳಿದವರೆಲ್ಲ ಹೊರಬಂದು ಶರಣಾದರು. ಗುಂಡಿಗೆ ಒಬ್ಬರೂ ಬಲಿಯಾಗಲಿಲ್ಲ. ಕಾಯುವುದೆಂದರೆ ಸರ್ಕಾರ ಮಂಡಿಯೂರಿದಂತೆ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. 2000ದಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಒಯ್ದಾಗ ಕಾಡಿಗೆ ಪಡೆ ನುಗ್ಗಿಸಿ ಎಂಬ ಕೂಗು ನಮ್ಮಲ್ಲೂ ಎದ್ದಿತ್ತು. 108 ದಿನಗಳ ಸಂಧಾನದ ನಂತರ ಅವರು ಜೀವಂತವಾಗಿ ಮನೆಗೆ ಬಂದರು. ಆ ಸಂಧಾನದ ರೀತಿಯ ಬಗ್ಗೆ ತಕರಾರು ಇರಬಹುದು, ಅಷ್ಟು ದಿನ ಕಾದದ್ದರ ಬಗ್ಗೆ ಇರಲಾರದು.

ಕಾಯುವುದೇ ಅಪರಾಧವಾದಾಗ

ಈ ವಾದಕ್ಕೆ ಎದುರಾಗುವ ಅತಿ ಗಟ್ಟಿಯಾದ ಆಕ್ಷೇಪದ ಹೆಸರು ಯುವಾಲ್ಡೆ. 2022ರ ಮೇ 24ರಂದು ಟೆಕ್ಸಸ್‌ನ ಆ ಊರಿನ ಪ್ರಾಥಮಿಕ ಶಾಲೆಗೆ ನುಗ್ಗಿದ ಬಂದೂಕುಧಾರಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ವಿವಿಧ ಪಡೆಗಳಿಂದ 376 ಮಂದಿ ಪೊಲೀಸರು ಅಲ್ಲಿಗೆ ಬಂದರು. 77 ನಿಮಿಷ ಅವನನ್ನು ಯಾರೂ ತಡೆಯಲಿಲ್ಲ. ತರಗತಿಯೊಳಗಿದ್ದ ಮಕ್ಕಳು ಫೋನ್ ಮಾಡಿ ಪೊಲೀಸರನ್ನು ಕಳಿಸಿ ಎಂದು ಬೇಡುತ್ತಿದ್ದರು. ಪೊಲೀಸರು ಮೊಗಸಾಲೆಯಲ್ಲೇ ನಿಂತಿದ್ದರು. ಕಾಯುವುದೇ ವಿವೇಕ ಎಂದಾದರೆ ಇದನ್ನು ಏನೆನ್ನಬೇಕು?

ಇದು ಅಪರಾಧಕ್ಕೆ ಸಮನಾದ ಲೋಪ. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ನಂತರ ಅಮೆರಿಕದ ಪೊಲೀಸರಿಗೆ ಕಲಿಸಿಕೊಂಡು ಬಂದ ಪಾಠ ಸ್ಪಷ್ಟವಾಗಿದೆ. ಕೊಲ್ಲುತ್ತಿರುವವನ ಎದುರು ಒಂದು ನಿಮಿಷವೂ ಕಾಯಕೂಡದು, ವಿಶೇಷ ಪಡೆಗಾಗಿಯೂ ಕಾಯಕೂಡದು. ಯುವಾಲ್ಡೆಯಲ್ಲಿ ಸ್ಥಳೀಯ ಅಧಿಕಾರಿಗಳು ಕೊಲ್ಲುತ್ತಿದ್ದವನನ್ನು ಬಾಗಿಲು ಹಾಕಿಕೊಂಡು ಕುಳಿತವನೆಂದು ಎಣಿಸಿದರು. ಇದೇ ಅತಿ ದೊಡ್ಡ ವೈಫಲ್ಯವೆಂದು ಅಮೆರಿಕದ ನ್ಯಾಯ ಇಲಾಖೆ 2024ರ ವರದಿಯಲ್ಲಿ ಹೇಳಿತು. ಕೊನೆಗೆ ಆ ಬಾಗಿಲು ತೆರೆದು ನುಗ್ಗಿದ್ದು ಗಡಿ ಕಾವಲು ಸಂಸ್ಥೆಯ ವಿಶೇಷ ಪಡೆಯಾದ ಬೋರ್ಟ್ಯಾಕ್‌ನ ಅಧಿಕಾರಿಯ ಮುಂದಾಳುತನದಲ್ಲಿ, ಅಲ್ಲೇ ಕೂಡಿಸಿಕೊಂಡ ಸಣ್ಣ ತಂಡ. 2022ರದೇ ಜನವರಿ 15ರಂದು ಟೆಕ್ಸಸ್‌ನದೇ ಕಾಲಿವಿಲ್‌ನಲ್ಲಿ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ನಾಲ್ವರು ಒತ್ತೆಯಾಳುಗಳಾದಾಗ ಪರಿಸ್ಥಿತಿ ಬೇರೆಯಿತ್ತು. ಒಳಗಿದ್ದವನು ಮಾತಾಡುತ್ತಿದ್ದ, ಯಾರನ್ನೂ ಇನ್ನೂ ಕೊಂದಿರಲಿಲ್ಲ. ಕ್ವಾಂಟಿಕೋದಿಂದ ಹಾರಿಬಂದ ಎಚ್‌ಆರ್‌ಟಿ ಕಾಯಿತು, ಸಂಧಾನಕಾರರು ಮಾತು ಮುಂದುವರಿಸಿದರು. ಒಬ್ಬರು ಸಂಜೆ ಬಿಡುಗಡೆಯಾದರು. ಸುಮಾರು ಹನ್ನೊಂದನೆಯ ಗಂಟೆಯಲ್ಲಿ ರಬ್ಬಿ ಕುರ್ಚಿಯೊಂದನ್ನು ಬಂದೂಕುಧಾರಿಯ ಮೇಲೆ ಎಸೆದು ಉಳಿದಿಬ್ಬರೊಂದಿಗೆ ಓಡಿ ಹೊರಬಂದರು. ಆ ಕ್ಷಣಕ್ಕೆ ಪಡೆ ನುಗ್ಗಿತು. ಈ ಎರಡು ಸನ್ನಿವೇಶಗಳ ನಡುವಿನ ಗೆರೆಯನ್ನು ಗುರುತಿಸುವುದಕ್ಕಾಗಿಯೇ ವರ್ಷಗಟ್ಟಲೆ ತರಬೇತಿ ಕೊಡುವುದು. ಕಾಯುವುದಕ್ಕೆ ಬೆಲೆ ಬರುವುದು ನುಗ್ಗಬಲ್ಲ ಸಾಮರ್ಥ್ಯ ಹಿಂದೆ ಸಿದ್ಧವಾಗಿ ನಿಂತಿದ್ದಾಗ ಮಾತ್ರ.

ಬೀದಿಗೆ ಇಳಿಸಿದಾಗ

ಹಾಗಾದರೆ ಇಂಥ ಪಡೆಗಳು ಎಷ್ಟಿದ್ದರೂ ಒಳ್ಳೆಯದೇ ಅಲ್ಲವೇ? ಇಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ ಮಾರ್ಷಲ್‌ಗಳಿಗೆ, ಎಟಿಎಫ್‌ಗೆ, ವಲಸೆ ಇಲಾಖೆಗೆ, ಹೀಗೆ ಸಂಸ್ಥೆಗೊಂದು ವಿಶೇಷ ಪಡೆಯಿದೆ. ಯುವಾಲ್ಡೆಯ ಬಾಗಿಲು ತೆರೆದ ಬೋರ್ಟ್ಯಾಕ್ 1984ರಲ್ಲಿ ಹುಟ್ಟಿದ್ದು ವಲಸಿಗರ ಬಂಧನ ಕೇಂದ್ರಗಳಲ್ಲಿ ಏಳುವ ಗಲಭೆ ಅಡಗಿಸಲು. 2000ದ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಆರು ವರ್ಷದ ಕ್ಯೂಬಾದ ಬಾಲಕ ಎಲಿಯಾನ್ ಗೊಂಜಾಲೆಸ್‌ನನ್ನು ಬಂಧುಗಳ ಮನೆಯಿಂದ ಕರೆದೊಯ್ದದ್ದೂ ಇದೇ ಪಡೆ. ಬೆದರಿದ ಹುಡುಗನ ಎದುರು ಬಂದೂಕು ಹಿಡಿದು ನಿಂತ ಏಜೆಂಟನ ಚಿತ್ರ ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. 2020ರ ಜುಲೈನಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಪ್ರತಿಭಟನೆಗಳು ನಡೆದಾಗ ಫೆಡರಲ್ ಕೋರ್ಟಿನ ಕಟ್ಟಡ ಕಾಯಲೆಂದು ಇವರನ್ನೇ ಕಳಿಸಲಾಯಿತು. ಸೈನಿಕರಂಥ ಸಮವಸ್ತ್ರದ ಏಜೆಂಟರು ಗುರುತಿಲ್ಲದ ವಾಹನಗಳಲ್ಲಿ ಬಂದು ಬೀದಿಯಲ್ಲಿದ್ದವರನ್ನು ಹಿಡಿದೊಯ್ದರು. ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋದರು.

ಕಟ್ಟಡಕ್ಕೆ ಬೆಂಕಿ ಹಚ್ಚಲು ಬಂದವರನ್ನು ತಡೆಯಬೇಡವೇ ಎಂದರೆ, ತಡೆಯಬೇಕು. ಅದಕ್ಕೆ ಬೇಕಾದದ್ದು ಊರಿನ ಜನರನ್ನು ಬಲ್ಲ, ಹೆಸರಿನ ಪಟ್ಟಿ ಧರಿಸಿದ ಪೊಲೀಸರು. ಬಂದೂಕುಧಾರಿಯ ಕೋಣೆಗೆ ನುಗ್ಗಲು ತರಬೇತಾದವರ ಕಣ್ಣು ಎಲ್ಲೆಲ್ಲೂ ಅಪಾಯವನ್ನೇ ಹುಡುಕುತ್ತದೆ, ಹುಡುಕುವಂತೆ ಅದನ್ನು ಪಳಗಿಸಿರುತ್ತಾರೆ. ಆ ಕಣ್ಣನ್ನು ಘೋಷಣೆ ಕೂಗುವ ನಾಗರಿಕರ ಮೇಲೆ ತಿರುಗಿಸುವುದು ಆ ನಾಗರಿಕರಿಗೂ ಅನ್ಯಾಯ, ಏಜೆಂಟನಿಗೂ ಅನ್ಯಾಯ. ಪೋರ್ಟ್‌ಲ್ಯಾಂಡ್‌ಗೆ ಆ ಪಡೆಯನ್ನು ಕಳಿಸಿದ್ದು ತಪ್ಪು. ಜುಲೈ ಕೊನೆಯಲ್ಲಿ ಒರೆಗಾನ್ ಗವರ್ನರ್ ಕೇಟ್ ಬ್ರೌನ್ ಅವರಿಗೂ ಕೇಂದ್ರಕ್ಕೂ ಒಪ್ಪಂದವಾಯಿತು. ಫೆಡರಲ್ ಏಜೆಂಟರು ಹಿಂದೆ ಸರಿದರು, ರಾಜ್ಯ ಪೊಲೀಸರು ಕೋರ್ಟಿನ ಕಾವಲಿಗೆ ಬಂದರು. ಜುಲೈ 30ರ ರಾತ್ರಿಯೂ ಪ್ರತಿಭಟನಕಾರರು ಬಂದು ಸೇರಿದರು. ಆ ರಾತ್ರಿ ಶಾಂತವಾಗಿ ಕಳೆಯಿತು.